ಯಾದಗಿರಿಯಷ್ಟೇ ಜನರ ದೇಶದ ಟ್ರಾಂ

2011ರ ಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಜನ 11.74 ಲಕ್ಷ. ಮಾರಿಷಸ್ ಎಂಬ ಇಡೀ ದೇಶದ ಜನ ಹನ್ನೆರಡೂವರೆ ಲಕ್ಷದ ಆಚೀಚೆ. ನೆಲದ ಲೆಕ್ಕಕ್ಕೆ ಬಂದರೆ ನಾವೇ ದೊಡ್ಡವರು. ಆ ದ್ವೀಪದಂಥವು ಎರಡು ನಮ್ಮ ಜಿಲ್ಲೆಯೊಳಗೆ ಹಿಡಿಸಿ, ಮೇಲೆ ಒಂದು ತಾಲ್ಲೂಕಿನಷ್ಟು ಜಾಗ ಉಳಿಯುತ್ತದೆ. ರೈಲಿನ ವಿಷಯದಲ್ಲೂ ಇಬ್ಬರೂ ಸಮವಯಸ್ಕರು. ಮಾರಿಷಸ್ಸಿನಲ್ಲಿ ಮೊದಲ ರೈಲು ಓಡಿದ್ದು 1864ರಲ್ಲಿ. ಮುಂಬೈಯಿಂದ ಹೊರಟ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಹಳಿ ಯಾದಗಿರಿಯನ್ನು ಹಾದು ರಾಯಚೂರಿನಲ್ಲಿ ಮದ್ರಾಸಿನ ಹಳಿಯನ್ನು ಕೂಡಿದ್ದು 1871ರಲ್ಲಿ. ಅಲ್ಲಿಂದ ಮುಂದೆ ಇಬ್ಬರ ದಾರಿ ಬೇರೆಯಾಯಿತು. ಯಾದಗಿರಿಯ ಹಳಿ ಹಾಗೇ ಉಳಿಯಿತು, ಆದರೆ ಸುಮಾರು ಮೂವತ್ತೈದು ಕಿಲೋಮೀಟರ್ ದೂರದ ಶಹಾಪುರಕ್ಕಾಗಲಿ, ಅದರಾಚೆ ಇಪ್ಪತ್ತೈದು ಕಿಲೋಮೀಟರಿನ ಸುರಪುರಕ್ಕಾಗಲಿ ಅದು ಒಂದು ಕವಲೂ ಒಡೆಯಲಿಲ್ಲ. ಅವರೋ ದ್ವೀಪದ ಉದ್ದಗಲಕ್ಕೆ ಹಳಿ ಹಾಸಿ, 1964ರಲ್ಲಿ ಎಲ್ಲ ಮುಚ್ಚಿ ಗುಜರಿಗೆ ಹಾಕಿದರು. ಐವತ್ತೈದು ವರ್ಷ ಬಿಟ್ಟು ಮತ್ತೆ ಹಾಸಿದರು.

ಎರಡನೇ ಸಲ ಹಾಸಿದ ಆ ಹಳಿಯ ಮೇಲೆ ಓಡುವುದಕ್ಕೆ ಅಲ್ಲಿ ಮೆಟ್ರೋ ಎಕ್ಸ್‌ಪ್ರೆಸ್ ಅನ್ನುತ್ತಾರೆ. ಹೆಸರಿಗಷ್ಟೇ ಮೆಟ್ರೋ. ಬೆಂಗಳೂರಿನದನ್ನು ನೋಡಿದವರು ಅದನ್ನು ಮೆಟ್ರೋ ಎಂದು ಒಪ್ಪುವುದಿಲ್ಲ. ಅದು ಲಘು ರೈಲು, ಅಂದರೆ ಈ ಕಾಲದ ಟ್ರಾಂ.

ನನ್ನ ತಂಗಿಯ ಮಗಳು ಗಂಡನ ನೌಕರಿಯ ಸಲುವಾಗಿ ಅಲ್ಲಿನ ಕಾತ್ರ್ ಬೋರ್ನ್ ಎಂಬ ಊರಿನಲ್ಲಿ ಮನೆ ಮಾಡಿದ್ದಾಳೆ. ಅವಳದು ಸುರಪುರ, ನನ್ನದು ಶಹಾಪುರ. "ಮಾಮಾ, ಸಮುದ್ರ ನೋಡ್ಲಿಕ್ಕೆ ಬರ್ರಿ" ಎಂದು ವರ್ಷಗಟ್ಟಲೆ ಕರೆದಳು. ಯಾದಗಿರಿಯಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಮುಂಬೈ, ಅಲ್ಲಿಂದ ಆರು ತಾಸಿನ ವಿಮಾನ. ಸಮುದ್ರ ಚೆಲುವಾಗಿಯೇ ಇದೆ. ಅದರ ಬಗ್ಗೆ ಬರೆದವರು ಬೇಕಾದಷ್ಟು ಮಂದಿ ಇದ್ದಾರೆ. ನಾನು ಮಾತ್ರ ದಿನಾ ಬೆಳಿಗ್ಗೆ ಚಹಾ ಕುಡಿದು ಟ್ರಾಂ ನಿಲ್ದಾಣಕ್ಕೆ ಹೊರಟುಬಿಡುತ್ತಿದ್ದೆ.

ಹಾದಿಯ ಮೇಲಿನ ತುದಿ ಕ್ಯೂರ್‌ಪೀಪ್. ಸಮುದ್ರ ಮಟ್ಟದಿಂದ ಐನೂರೈವತ್ತು ಮೀಟರ್ ಎತ್ತರದ ತಂಪು ಊರು, ಯಾವಾಗ ನೋಡಿದರೂ ಮಳೆ. ಶಹಾಪುರದ ಬಿಸಿಲುಂಡು ಬೆಳೆದವನಿಗೆ ಅದೇ ಒಂದು ಬೆರಗು. ಅಲ್ಲಿಂದ ರಾಜಧಾನಿ ಪೋರ್ಟ್ ಲೂಯಿಯ ವಿಕ್ಟೋರಿಯಾ ನಿಲ್ದಾಣಕ್ಕೆ ಸುಮಾರು 26 ಕಿಲೋಮೀಟರ್, ಮುಕ್ಕಾಲು ತಾಸಿನೊಳಗೆ ಇಳಿಸುತ್ತದೆ. ಹೆಚ್ಚುಕಡಿಮೆ ಶಹಾಪುರದಿಂದ ಸುರಪುರದಷ್ಟೇ ದೂರ.

ನಿಲ್ದಾಣವೆಂದರೆ ಮೆಟ್ಟಿಲು, ಲಿಫ್ಟು, ಚೀಲ ತಪಾಸಣೆ ಎಂದುಕೊಂಡಿದ್ದೆ. ಇಲ್ಲಿ ರಸ್ತೆಯಿಂದ ಒಂದು ಇಳಿಜಾರು ಏರಿದರೆ ಕಟ್ಟೆ, ಮೇಲೊಂದು ಸೂರು, ಕಾರ್ಡು ಮುಟ್ಟಿಸುವ ಯಂತ್ರ. "ಮಾಮಾ, ಕಾರ್ಡು ಮಷೀನಿಗಿ ಹಚ್ರಿ ಮದಲ, ಒಳಗ ಚೆಕ್ಕಿಂಗ್ ಬರ್ತಾರ" ಎಂದಳು. ಕಟ್ಟೆಯೂ ಗಾಡಿಯ ನೆಲವೂ ಒಂದೇ ಮಟ್ಟ. ಮೊಣಕಾಲು ನೋವಿನ ಮುದುಕಿಯೊಬ್ಬಳು ತರಕಾರಿಯ ಗಾಲಿಚೀಲ ತಳ್ಳಿಕೊಂಡು ಯಾರ ಕೈಯನ್ನೂ ಹಿಡಿಯದೆ ಒಳಗೆ ಹೋದಳು. ನಮ್ಮ ಬಸ್ಸಿನ ಮೊದಲ ಮೆಟ್ಟಿಲಿಗೆ ಸೀರೆ ಎತ್ತಿಕಟ್ಟಿ, ಹಿಂದಿನಿಂದ ಒಬ್ಬರು ನೂಕಿ, ಮುಂದಿನಿಂದ ಒಬ್ಬರು ಎಳೆದು ಹತ್ತಿಸುವ ನನ್ನ ಅವ್ವನ ವಯಸ್ಸಿನವರೆಲ್ಲ ನೆನಪಾದರು. ತಂತ್ರಜ್ಞಾನದ ಬಗ್ಗೆ ಎಷ್ಟು ಬೇಕಾದರೂ ಹೊಗಳಬಹುದು. ನನ್ನ ಮಟ್ಟಿಗೆ ಲಘು ರೈಲಿನ ಮೊದಲ ಅಚ್ಚರಿ ಈ ಮೆಟ್ಟಿಲಿಲ್ಲದ ಬಾಗಿಲು.

ಗಾಡಿ ಸ್ಪೇನಿನ ಸಿಎಎಫ್ ಕಂಪನಿಯದು. ಏಳು ಡಬ್ಬಿ ಸೇರಿ ಒಂದೇ ಉದ್ದನೆಯ ಕೋಣೆ; ಕೂತವರು ನಿಂತವರು ಸೇರಿ ನಾನೂರಕ್ಕೂ ಹೆಚ್ಚು ಮಂದಿ ಹಿಡಿಸುತ್ತಾರೆ. ಅಂಥ ಹದಿನೆಂಟು ಗಾಡಿ ಇವೆ. ಡಬ್ಬಿಗಳ ನಡುವೆ ಕೀಲು ಇರುವುದರಿಂದ ಊರೊಳಗಿನ ಮುರುಕಿನಲ್ಲಿ ಅದು ಬಳುಕಿ ತಿರುಗುತ್ತದೆ. ದೊಡ್ಡ ರೈಲಿಗೆ ಅಷ್ಟು ಚಿಕ್ಕ ತಿರುವು ಸಾಧ್ಯವೇ ಇಲ್ಲ. ಬೆಂಗಳೂರಿನ ಮೆಟ್ರೋಗೂ ಕಷ್ಟ. ಮೇಲೆ ತಂತಿಯಲ್ಲಿ ಹರಿಯುವ ಕರೆಂಟು 750 ವೋಲ್ಟ್. ಯಾದಗಿರಿಯಲ್ಲಿ ಹಾಯುವ ರೈಲಿನ ತಂತಿಯಲ್ಲಿರುವುದು 25,000. ಭಾರ ಕಡಿಮೆ, ಒತ್ತಡ ಕಡಿಮೆ. ಇದಕ್ಕೆ ಕೋಟೆಯಂಥ ಬೇಲಿಯೂ ಎಲ್ಲ ಕಡೆ ಬೇಡ. ಮನೆಗಳ ಹಿತ್ತಿಲ ಪಕ್ಕ ಹೋಗುತ್ತದೆ, ಒಣಗಲು ಹಾಕಿದ ಬಟ್ಟೆ ಕಾಣುತ್ತದೆ. ಅಡ್ಡರಸ್ತೆ ಬಂದರೆ ಗಂಟೆ ಬಾರಿಸುತ್ತದೆ, ಸಿಗ್ನಲ್ಲು ಕಾರುಗಳನ್ನು ನಿಲ್ಲಿಸುತ್ತದೆ, ಟ್ರಾಂ ಮುಂದೆ ಹೋಗುತ್ತದೆ. ನಾನೂರು ಮಂದಿಗಾಗಿ ನಾಲ್ಕು ಕಾರು ನಿಲ್ಲುವುದು ನ್ಯಾಯವೇ. ಆದರೂ ನಮ್ಮ ಕಡೆ ಮಂತ್ರಿಯ ಕಾರು ಬರುವಾಗ ಬಸ್ಸು ನಿಲ್ಲುವುದನ್ನು ಕಂಡ ಕಣ್ಣಿಗೆ ಅದು ತಲೆಕೆಳಗಾದ ಲೋಕದಂತೆ ಕಂಡಿತು.

ಫ್ಲೋರಿಯಾಲ್, ವಕೋವಾ, ಫೀನಿಕ್ಸ್, ಕಾತ್ರ್ ಬೋರ್ನ್, ರೋಸ್ ಹಿಲ್, ಬೋ ಬಾಸಾಂ. ಒಂದು ಊರು ಮುಗಿಯುವ ಮೊದಲೇ ಇನ್ನೊಂದು ಶುರು. ಎಡಗಡೆ ಕೋರ್ ದ ಗಾರ್ದ್ ಎಂಬ ಗುಡ್ಡ ಬಹಳ ಹೊತ್ತು ಜೊತೆಗೇ ಬರುತ್ತದೆ. ನಮ್ಮ ಶಹಾಪುರದ ಗುಡ್ಡ ದೂರದಿಂದ ಮಲಗಿದ ಬುದ್ಧನಂತೆ ಕಾಣುತ್ತದೆ. ಇಲ್ಲಿ ಗುಡ್ಡಕ್ಕೆ ಕಾವಲುಗಾರನ ಹೆಸರು. ಬೋ ಬಾಸಾಂ ದಾಟಿದ ಮೇಲೆ ಹಳಿ ಇಳಿಯತೊಡಗಿ, ಕೊರೊಮಂಡೆಲ್ ಎಂಬ ನಿಲ್ದಾಣ ಬರುತ್ತದೆ. ನಮ್ಮ ಪೂರ್ವ ಕರಾವಳಿಯ ಹೆಸರು ಹಿಂದೂ ಮಹಾಸಾಗರದ ನಡುವೆ ಒಂದು ಬೋರ್ಡಿನ ಮೇಲೆ! ಅಲ್ಲಿಂದ ಆಳವಾದ ಕಣಿವೆಯ ಮೇಲಿನ ಹೊಸ ಸೇತುವೆ ದಾಟಿದರೆ ಹಡಗುಗಳು, ಗೋದಾಮುಗಳು, ರಾಜಧಾನಿ.

ಈ ಊರುಗಳು ಮಾಲೆಯಂತೆ ಒಂದೇ ಸಾಲಿನಲ್ಲಿ ಯಾಕಿವೆ ಎಂಬುದು ಮೊದಲ ದಿನ ತಿಳಿಯಲಿಲ್ಲ. ಹಳೆಯ ರೈಲಿನ ಕಥೆ ಕೇಳಿದ ಮೇಲೆ ತಿಳಿಯಿತು. 1865ರಲ್ಲಿ ಪೋರ್ಟ್ ಲೂಯಿಯಿಂದ ಕ್ಯೂರ್‌ಪೀಪ್ ಮಾರ್ಗವಾಗಿ ಮಾಹೆಬೂರಿಗೆ ಎರಡನೇ ರೈಲುಮಾರ್ಗ ತೆರೆಯಿತು. ಅದರ ಬೆನ್ನಿಗೇ ಬಂದರಿನಲ್ಲಿ ಮಲೇರಿಯಾ ಬಿತ್ತು. 1866ರಿಂದ 68ರವರೆಗೆ ಜನ ಸಾವಿರಗಟ್ಟಲೆ ಸತ್ತರು. ಉಳ್ಳವರು ರಾಜಧಾನಿ ಬಿಟ್ಟು ಸೊಳ್ಳೆ ಕಡಿಮೆ ಇದ್ದ ತಂಪು ದಿಣ್ಣೆಗೆ ಹತ್ತಿದರು. ಮನೆ ಮೇಲೆ, ಕಚೇರಿ ಕೆಳಗೆ, ನಡುವೆ ರೈಲು. ಹೀಗೆ ಸ್ಟೇಷನ್ನು ಇದ್ದಲ್ಲೆಲ್ಲ ಊರು ಬೆಳೆಯಿತು. ಇವತ್ತು ಎಂಬತ್ತು ಸಾವಿರ, ಒಂದು ಲಕ್ಷ ಜನರಿರುವ ಆ ಪಟ್ಟಣಗಳೆಲ್ಲ ರೈಲು ಹೆತ್ತ ಮಕ್ಕಳು.

ಆಮೇಲೆ ಮೋಟಾರು ಬಂತು. ರೈಲು ನಷ್ಟಕ್ಕೆ ಬಿತ್ತು. 1956ರಲ್ಲಿ ಪ್ರಯಾಣಿಕರ ಗಾಡಿ ನಿಂತಿತು, ಕಬ್ಬು ಸಕ್ಕರೆ ಹೊರುತ್ತಿದ್ದ ಗಾಡಿ 1964ರಲ್ಲಿ ನಿಂತಿತು. ಕಬ್ಬಿಣ ಮಾರಿದರು. ಆದರೆ ಹಳಿ ಇದ್ದ ಪಟ್ಟಿ ಬಹಳಷ್ಟು ಕಡೆ ಸರ್ಕಾರದ ನೆಲವಾಗಿಯೇ ಉಳಿಯಿತು. ಕೆಲವು ಕಡೆ ಅದರ ಮೇಲೆ ರಸ್ತೆ ಬಂತು, ಕೆಲವು ಕಡೆ ಜನ ಸಂಜೆ ಅಡ್ಡಾಡುವ ಹಾದಿಯಾಯಿತು. ನನ್ನ ದೃಷ್ಟಿಯಲ್ಲಿ ಇಡೀ ಕಥೆಯ ತಿರುಳು ಇದೇ. ಐದು ಪಟ್ಟಣಗಳ ಹೊಟ್ಟೆಯೊಳಗೆ ಹಾದುಹೋಗುವ ಒಂದು ಉದ್ದನೆಯ ನೆಲದ ಪಟ್ಟಿ ಅವರ ಹತ್ತಿರ ಇತ್ತು. ಇಲ್ಲದಿದ್ದರೆ ಎಷ್ಟು ಸಾವಿರ ಮನೆ ಒಡೆಯಬೇಕಾಗುತ್ತಿತ್ತೋ!

ಹಾಗೆಂದು ಎಲ್ಲ ಸಲೀಸಾಗಿ ಆಯಿತೆಂದಲ್ಲ. ಲಘು ರೈಲಿನ ಯೋಜನೆಯನ್ನು ಒಂದು ಸರ್ಕಾರ ಗುತ್ತಿಗೆಯ ಹೊಸ್ತಿಲವರೆಗೆ ತಂದಿತ್ತು. 2014ರ ಕೊನೆಗೆ ನಡೆದ ಚುನಾವಣೆಯಲ್ಲಿ ಅದು ಸೋತಿತು. ಬಂದ ಹೊಸ ಸರ್ಕಾರ ದುಂದುವೆಚ್ಚವೆಂದು ಅದನ್ನು ಕೈಬಿಟ್ಟಿತು. ಎರಡೇ ವರ್ಷದಲ್ಲಿ ಅದೇ ಸರ್ಕಾರ ಹೆಸರು ಬದಲಿಸಿ ಮತ್ತೆ ಕೈಗೆತ್ತಿಕೊಂಡಿತು. ಈ ನಾಟಕಕ್ಕೆ ನಾವೂ ಹೊಸ ಪ್ರೇಕ್ಷಕರೇನಲ್ಲ. ದುಡ್ಡಿಗೆ ಭಾರತ ಕೈಜೋಡಿಸಿತು: 2016ರಲ್ಲಿ ಕೊಟ್ಟ 35.3 ಕೋಟಿ ಡಾಲರಿನ ನೆರವಿನಲ್ಲಿ 27.5 ಕೋಟಿ ಇದಕ್ಕೇ ಮೀಸಲು, ಮೇಲೆ ಸಾಲ. 2017ರಲ್ಲಿ ಲಾರ್ಸೆನ್ ಅಂಡ್ ಟೂಬ್ರೊಗೆ ಗುತ್ತಿಗೆ. 2019ರ ಅಕ್ಟೋಬರಿನಲ್ಲಿ ಎರಡೂ ದೇಶಗಳ ಪ್ರಧಾನಿಗಳು ವಿಡಿಯೋದಲ್ಲಿ ಕೂತು ಉದ್ಘಾಟಿಸಿದರು. ಮೊದಲು ಪೋರ್ಟ್ ಲೂಯಿಯಿಂದ ರೋಸ್ ಹಿಲ್‌ವರೆಗೆ ಓಡಿತು, 2021ರಲ್ಲಿ ಕಾತ್ರ್ ಬೋರ್ನ್ ಮುಟ್ಟಿತು, 2022ರಲ್ಲಿ ಕ್ಯೂರ್‌ಪೀಪ್. ವಿಶ್ವವಿದ್ಯಾಲಯವಿರುವ ರೆಡ್ವಿಗೆ ಒಂದು ಕವಲು 2023ರ ಜನವರಿಯಲ್ಲಿ ತೆರೆಯಿತು.

ನೆಲದ ಪಟ್ಟಿ ಇದ್ದರೂ ಕೆಲವರ ಮನೆ ಹೋಯಿತು. ಪೋರ್ಟ್ ಲೂಯಿಯ ಅಂಚಿನ ಲಾ ಬ್ಯೂಟ್ ಎಂಬಲ್ಲಿ 2017ರಲ್ಲಿ ಬುಲ್ಡೋಜರ್ ಬಂದಾಗ ದೊಡ್ಡ ಗಲಾಟೆಯಾಗಿತ್ತು. ಬೋ ಬಾಸಾಂ–ರೋಸ್ ಹಿಲ್ ಪಟ್ಟಣದಲ್ಲಿ ಹಳೆಯ ಹಳಿಯ ಜಾಗ ರೋಲಾಂ ಆರ್ಮಾಂ ಹೆಸರಿನ ನೆರಳಿನ ಕಾಲುಹಾದಿಯಾಗಿತ್ತು. ಟ್ರಾಂಗಾಗಿ ಅಲ್ಲಿನ ಮರಗಳನ್ನು ಕಡಿದರು. ಪರಿಸರದ ಹೆಸರಿನಲ್ಲಿ ಬರುವ ಗಾಡಿಗೆ ಮರ ಕಡಿಯುವುದು ಯಾವ ಧರ್ಮ ಎಂದು ಅಲ್ಲಿನವರು ಬೀದಿಗಿಳಿದು ಕೇಳಿದ್ದರು. ಪ್ರಶ್ನೆ ಸರಿಯಾಗಿತ್ತು, ಉತ್ತರ ಮಾತ್ರ ಗರಗಸದ್ದು.

ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ಟ್ರಾಂ ಹೊಗೆ ಬಿಡುವುದಿಲ್ಲ, ನಿಜ. ಆದರೆ ಮಾರಿಷಸ್ಸಿನ ಕರೆಂಟಿನಲ್ಲಿ ಕಲ್ಲಿದ್ದಲು, ಎಣ್ಣೆಗಳದ್ದೇ ದೊಡ್ಡ ಪಾಲು. ಕಬ್ಬು ಅರೆಯುವ ಕಾಲದಲ್ಲಿ ಕಬ್ಬಿನ ಸಿಪ್ಪೆ ಸುಟ್ಟು ಒಂದಿಷ್ಟು ಮಾಡಿಕೊಳ್ಳುತ್ತಾರೆ. ಊರೊಳಗಿನ ಹೊಗೆ ಊರಾಚೆಯ ಚಿಮಣಿಗೆ ಹೋಗಿರುತ್ತದೆ ಅಷ್ಟೆ. ರಾಯಚೂರಿನ ಶಕ್ತಿನಗರದ ಚಿಮಣಿಗಳನ್ನು ರೈಲಿನ ಕಿಟಕಿಯಿಂದ ನೋಡಿಕೊಂಡೇ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಲಾಭ ಬೇರೆ ಕಡೆ ಇದೆ. ಕಬ್ಬಿಣದ ಹಳಿಯ ಮೇಲೆ ಕಬ್ಬಿಣದ ಗಾಲಿ ಉರುಳಲು ಬೇಕಾಗುವ ಶಕ್ತಿ ಡಾಂಬರಿನ ಮೇಲೆ ರಬ್ಬರು ಉರುಳುವುದಕ್ಕಿಂತ ಬಹಳ ಕಡಿಮೆ. ಬ್ರೇಕು ಹಾಕಿದಾಗ ಮೋಟಾರು ಡೈನಮೋ ಆಗಿ ಒಂದಿಷ್ಟು ಕರೆಂಟನ್ನು ತಂತಿಗೆ ವಾಪಸು ಕೊಡುತ್ತದೆ. ಐನೂರು ಮೀಟರ್ ಇಳಿಜಾರಿರುವ ಇಂಥ ಹಾದಿಯಲ್ಲಿ ಅದು ಸಣ್ಣ ಮಾತಲ್ಲ. ಎಲ್ಲಕ್ಕಿಂತ ಮುಖ್ಯ, ಒಬ್ಬ ಚಾಲಕ, ಒಂದು ಗಾಡಿ, ನಾನೂರು ಮಂದಿ.

ದುಡ್ಡು ಹುಟ್ಟುತ್ತದೆಯೇ? ಇಲ್ಲ. ಸಾಲದ ಭಾರ ಅಲ್ಲಿನ ರಾಜಕೀಯದಲ್ಲಿ ಇಂದಿಗೂ ಬಿಸಿ ಬಿಸಿ ಚರ್ಚೆ. ಆ ದೇಶದಲ್ಲಿ ವಿದ್ಯಾರ್ಥಿಗಳಿಗೆ, ಮುದುಕರಿಗೆ, ಅಂಗವಿಕಲರಿಗೆ 2005ರಿಂದಲೂ ಬಸ್ಸು ಪುಕ್ಕಟೆ. ಟ್ರಾಂ ಬಂದ ಮೇಲೂ ಆ ಹಕ್ಕನ್ನು ಕಿತ್ತುಕೊಳ್ಳುವ ಧೈರ್ಯ ಯಾರಿಗೂ ಆಗಲಿಲ್ಲ. ನಮ್ಮಲ್ಲಿ 2023ರ ಜೂನಿನಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆ ಮಾಡಿದ ಶಕ್ತಿ ಯೋಜನೆ ಬಂದಾಗ ಖಜಾನೆ ಮುಳುಗಿತೆಂದು ಗೊಣಗಿದವರಲ್ಲಿ ನನ್ನ ಗೆಳೆಯರೂ ಇದ್ದಾರೆ. ಸುರಪುರದಿಂದ ಯಾದಗಿರಿಯ ಜಿಲ್ಲಾ ಆಸ್ಪತ್ರೆಗೆ ಒಬ್ಬಳೇ ಹೋಗಿಬರುವ ಹೆಂಗಸಿನ ಮುಖ ನೋಡಿದ ಮೇಲೆ ಆ ಗೊಣಗಾಟದಲ್ಲಿ ನಾನು ಸೇರುವುದಿಲ್ಲ. ರಸ್ತೆ ಹಾಸಲು ಸುರಿದ ದುಡ್ಡಿಗೆ ಯಾರೂ ಲಾಭ ಕೇಳುವುದಿಲ್ಲ. ಹಳಿಗೆ ಮಾತ್ರ ಕೇಳುತ್ತಾರೆ.

ವಿಕ್ಟೋರಿಯಾದಲ್ಲಿ ಇಳಿದು ಬಂದರಿನ ದಂಡೆ ಹಿಡಿದು ನಡೆದರೆ ಅಪ್ರವಾಸಿ ಘಾಟ್. 1834ರ ನವೆಂಬರ್ 2ರಂದು ಅಟ್ಲಾಸ್ ಎಂಬ ಹಡಗು ಭಾರತದಿಂದ ಕರಾರಿನ ಕೂಲಿಗಳನ್ನು ತಂದಿಳಿಸಿತು. ಅಲ್ಲಿಂದ ಇಪ್ಪತ್ತನೇ ಶತಮಾನದ ಆರಂಭದವರೆಗೆ ನಾಲ್ಕೂವರೆ ಲಕ್ಷದಷ್ಟು ಜನ ಈ ಕಲ್ಲಿನ ಮೆಟ್ಟಿಲು ಹತ್ತಿದರು. ಬಿಹಾರದವರು, ತಮಿಳರು, ತೆಲುಗರು, ಮರಾಠಿಗರು. 2006ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಐದು ವರ್ಷದ ಕರಾರಿಗೆ ಹೆಬ್ಬೆಟ್ಟು ಒತ್ತಿ ಬಂದವರು ಕಬ್ಬು ಕಡಿದರು, ಕಲ್ಲು ಹೊತ್ತರು. ಮತ್ತೆ 2017ರ ಸುಮಾರಿಗೆ ಅದೇ ನೆಲದಲ್ಲಿ ಹಳಿ ಹಾಸಲು ಭಾರತದ ಕೂಲಿಗಳು ವಿಮಾನದಲ್ಲಿ ಬಂದರು.

ನನಗೆ ನಮ್ಮ ಗುಳೆಯ ನೆನಪಾಗದೆ ಇರಲಿಲ್ಲ. ಸುಗ್ಗಿ ಮುಗಿದ ಮೇಲೆ ಸುರಪುರ, ಶಹಾಪುರ, ಗುರುಮಠಕಲ್ ಕಡೆಯ ತಾಂಡಾಗಳು, ಹಳ್ಳಿಗಳು ಅರ್ಧ ಖಾಲಿ. ಬಾಗಿಲಿಗೆ ಬೀಗ, ಜಗಲಿಯ ಮೇಲೆ ಮುದುಕರು. ಬೆಂಗಳೂರಿನ ಮೆಟ್ರೋ ಕಂಬಗಳ ಪಕ್ಕದ ತಗಡಿನ ಶೆಡ್ಡುಗಳಲ್ಲಿ "ಎಲ್ಲಿಗಿ ಹೊಂಟಿಯೋ", "ಉಂಡ್ಯಾ" ಎಂಬ ನಮ್ಮೂರ ಮಾತು ಕಿವಿಗೆ ಬಿದ್ದು ನಾನು ನಿಂತದ್ದುಂಟು. ನಗರಗಳ ಹಳಿಗೆ ಸಿಮೆಂಟು ಕಲಸುವವರ ಸ್ವಂತ ಊರಿಗೆ ಹಳಿ ಇಲ್ಲ. ಯಾದಗಿರಿ ಹತ್ತಿರದ ಕಡೇಚೂರಿನಲ್ಲಿ ರೈಲ್ವೆಯ ಕಾರ್ಖಾನೆ ಬಂದಿದೆ, ರೈಲಿನ ಡಬ್ಬಿಯ ಕೆಳಗೆ ಗಾಲಿ ಹಿಡಿದಿಡುವ ಚೌಕಟ್ಟುಗಳನ್ನು ಮಾಡುತ್ತದೆ. ಶಹಾಪುರದವನು ಆ ಗಾಲಿಯ ಮೇಲೆ ಕೂರಬೇಕೆಂದರೆ ಮೊದಲು ಬಸ್ಸು ಹಿಡಿಯಬೇಕು.

ಹಾಗಾದರೆ ಯಾದಗಿರಿ–ಶಹಾಪುರ–ಸುರಪುರದ ನಡುವೆ ಒಂದು ಟ್ರಾಂ ಬೇಕೆಂದು ನಾನು ಅರ್ಜಿ ಹಾಕುತ್ತಿದ್ದೇನೆಯೇ? ಖಂಡಿತ ಇಲ್ಲ. ಅಲ್ಲಿ 26 ಕಿಲೋಮೀಟರಿನಲ್ಲಿ ಐದು ಪಟ್ಟಣ, ಐದು ಲಕ್ಷದಷ್ಟು ಜನ. ಇಲ್ಲಿ ಅರವತ್ತು ಕಿಲೋಮೀಟರಿನಲ್ಲಿ ಮೂರು ಊರು. 2011ರ ಲೆಕ್ಕದಲ್ಲಿ ಮೂರೂ ಸೇರಿ ಎರಡು ಲಕ್ಷ ಇಲ್ಲ. ನಡುವೆ ಹತ್ತಿ, ತೊಗರಿ, ಭತ್ತ, ಭೀಮಾ ನದಿ. ನಮಗೆ ಬೇಕಾದದ್ದು ಹೊತ್ತಿಗೆ ಸರಿಯಾಗಿ ಬರುವ ಬಸ್ಸು, ಮತ್ತು ಬರುತ್ತಿರುವ ದೊಡ್ಡ ರೈಲು. ಗದಗ–ವಾಡಿ ಮಾರ್ಗಕ್ಕೆ 2013ರಲ್ಲಿ ಒಪ್ಪಿಗೆ ಸಿಕ್ಕಿತು. ಸುಮಾರು 257 ಕಿಲೋಮೀಟರ್. ಕುಷ್ಟಗಿ, ಲಿಂಗಸುಗೂರು, ಸುರಪುರ, ಶಹಾಪುರ ಕಡೆಯಿಂದ ಹಾಯುತ್ತದೆ. ಅರ್ಧ ಖರ್ಚು ರಾಜ್ಯದ್ದು. 2025ರ ಮೇ ತಿಂಗಳಲ್ಲಿ ಕುಷ್ಟಗಿಯವರು ಮೊದಲ ರೈಲು ಕಂಡರು. ನಮ್ಮ ಸರದಿಗೆ ಕಾಯುತ್ತಿದ್ದೇವೆ.

ಮಾರಿಷಸ್ ನೋಡಿ ಬಂದ ಮೇಲೆ ನನ್ನ ಚಿಂತೆ ರೈಲು ಯಾವಾಗ ಬರುತ್ತದೆ ಎಂಬುದಕ್ಕಿಂತ, ಬಂದಾಗ ಅದರ ಸುತ್ತ ಏನಿರುತ್ತದೆ ಎಂಬುದು. ಸ್ಟೇಷನ್ನಿನ ಜಾಗ ಗೊತ್ತಾದ ದಿನವೇ ಹೊಲಗಳು ಎನ್‌ಎ, ಅಂದರೆ ಕೃಷಿಯೇತರ ಜಮೀನು ಆಗಿ, ಸೈಟುಗಳಾಗಿ, ಇಪ್ಪತ್ತಡಿಯ ಓಣಿಗಳಾಗುತ್ತವೆ. ಹತ್ತು ವರ್ಷ ಕಳೆದು ಊರಿಂದ ಸ್ಟೇಷನ್ನಿಗೆ ನೆಟ್ಟನೆಯ ರಸ್ತೆ ಬೇಕೆಂದಾಗ ಮನೆ ಒಡೆಯದೆ ದಾರಿಯಿಲ್ಲ. ಬೆಂಗಳೂರಿನ ಕಥೆಯೂ ಇದೇ. ಅಲ್ಲಿ ಎತ್ತರಿಸಿದ ಲಘು ರೈಲಿಗೆಂದು 1994ರಲ್ಲೇ ಒಂದು ಕಂಪನಿ ಹುಟ್ಟಿತ್ತು. ಯೋಜನೆ ಕಾಗದದಲ್ಲೇ ಉಳಿಯಿತು. 2011ರ ಅಕ್ಟೋಬರಿನಲ್ಲಿ ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಕೊನೆಗೂ ಓಡಿದ್ದು ದೊಡ್ಡ ಮೆಟ್ರೋ, ಅಷ್ಟರಲ್ಲಿ ನೆಲದ ಬೆಲೆ ಮುಗಿಲು ಮುಟ್ಟಿತ್ತು. ಹುಬ್ಬಳ್ಳಿ–ಧಾರವಾಡದವರು ಈ ವಿಷಯದಲ್ಲಿ ಜಾಣರು. 2018ರಲ್ಲಿ ಚಿಗರಿ ಬಸ್ಸಿಗೆಂದು ಎರಡೂ ಊರುಗಳ ನಡುವೆ 22 ಕಿಲೋಮೀಟರ್ ಪ್ರತ್ಯೇಕ ಹಾದಿ ಮಾಡಿಕೊಂಡರು. ಉಳಿದ ರಸ್ತೆ ಇಕ್ಕಟ್ಟಾಯಿತೆಂದು ಬೈಯುವವರು ಅಲ್ಲಿ ಇದ್ದಾರೆ, ಆ ಹಾದಿಯನ್ನು ಎಲ್ಲರಿಗೂ ಬಿಡಿ ಅನ್ನುವವರೂ ಇದ್ದಾರೆ. ಟ್ರಾಂ ಮಾದರಿಯ ಉದ್ದನೆಯ ವಿದ್ಯುತ್ ಬಸ್ಸು ತರುವ ಮಾತೂ ನಡೆದಿದೆ. ಬಸ್ಸೋ ಟ್ರಾಮೋ, ಹಾದಿಯನ್ನು ಮಾತ್ರ ಬಿಟ್ಟುಕೊಡಬೇಡಿ ಎಂದು ಧಾರವಾಡದ ಗೆಳೆಯರಿಗೆ ಹೇಳಿದ್ದೇನೆ. ಒಮ್ಮೆ ಬಿಟ್ಟ ಪಟ್ಟಿ ವಾಪಸು ಸಿಗುವುದಿಲ್ಲ.

ಸುರಪುರ, ಶಹಾಪುರಗಳ ನಗರಸಭೆಗಳಿಗೆ ಇದು ಇನ್ನೂ ಅಗ್ಗದ ಕಾಲ. ಸ್ಟೇಷನ್ನಿನಿಂದ ಬಸ್ ನಿಲ್ದಾಣ, ಅಲ್ಲಿಂದ ಸರ್ಕಾರಿ ದವಾಖಾನೆ, ಕಾಲೇಜು, ಎಪಿಎಂಸಿ. ಇವಿಷ್ಟನ್ನು ಕೂಡಿಸುವ ಒಂದು ಅಗಲ ಪಟ್ಟಿಯನ್ನು ನಕ್ಷೆಯಲ್ಲಿ ಗುರುತಿಸಿ, ಅಲ್ಲಿ ಯಾರಿಗೂ ಕಟ್ಟಡ ಪರವಾನಗಿ ಕೊಡದಿದ್ದರೆ ಸಾಕು. ಸದ್ಯಕ್ಕೆ ಅದರಲ್ಲಿ ಬಸ್ಸು ಓಡಲಿ, ಸೈಕಲ್ಲು ಓಡಲಿ, ಬದಿಯಲ್ಲಿ ಬೇವಿನ ಗಿಡ ಹಚ್ಚಲಿ. ನಮ್ಮ ಮೊಮ್ಮಕ್ಕಳಿಗೆ ಟ್ರಾಂ ಬೇಕೆನಿಸಿದರೆ ಹಾಕಿಕೊಳ್ಳುತ್ತಾರೆ. ಆಗ ಮಾತ್ರ ಆ ಗಿಡ ಕಡಿಯುವ ಪ್ರಶ್ನೆ ಅವರಿಗೂ ಬರುತ್ತದೆ, ರೋಸ್ ಹಿಲ್‌ನವರಿಗಿಂತ ಒಳ್ಳೆಯ ಉತ್ತರ ಹುಡುಕಿಕೊಳ್ಳಲಿ.

ಹೊರಡುವ ದಿನ ವಿಮಾನ ನಿಲ್ದಾಣಕ್ಕೆ ಟ್ಯಾಕ್ಸಿಯಲ್ಲೇ ಹೋಗಬೇಕಾಯಿತು. ಇಷ್ಟೆಲ್ಲ ಮಾಡಿದವರು ಅಲ್ಲಿಗೆ ಹಳಿ ಎಳೆದಿಲ್ಲ. ದಾರಿಯಲ್ಲಿ ತಂಗಿಯ ಮಗಳು, "ಸುರಪುರಕ್ಕ ರೈಲು ಬಂದ ವರ್ಷ ನಾ ಊರಿಗಿ ಬರ್ತೀನಿ ಮಾಮಾ, ಸೀದಾ ಅಲ್ಲೇ ಇಳೀತೀನಿ" ಎಂದಳು.

"ಬಾರವ್ವ," ಎಂದೆ, "ಆದ್ರ ಸ್ಟೇಷನ್ನಿಂದ ಮನಿಗಿ ಟಂಟಂನಾಗ ಬರಬೇಕಾಗ್ತದ. ಹದಿನೈದು ಮಂದಿ ತುಂಬೂತನಕ ಅಂವ ಗಾಡಿ ಬಿಡಾಂಗಿಲ್ಲ ನೋಡು."